ಮ್ಯಾಗ್ನೆಟ್ ಬಾರದ 71 ದಿನಗಳು

ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ ಆಟೊರಿಕ್ಷಾಗಳಿಗೆ ಮೋಟಾರು ತಯಾರಿಸುವ ಸಣ್ಣ ಘಟಕವೊಂದರ ಖರೀದಿ ವಿಭಾಗದಲ್ಲಿ ನಾನು 17 ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ತಾಮ್ರದ ತಂತಿ, ಸಿಲಿಕಾನ್ ಉಕ್ಕಿನ ಸ್ಟ್ಯಾಂಪಿಂಗ್, ಬೇರಿಂಗ್, ವಾರ್ನಿಶ್, ಶಾಫ್ಟ್, ಮ್ಯಾಗ್ನೆಟ್ ಹೀಗೆ ಮೋಟಾರಿಗೆ ಬೇಕಾದ ಸಾಮಾನುಗಳನ್ನೆಲ್ಲ ಹೊತ್ತಿಗೆ ಸರಿಯಾಗಿ, ಸರಿಯಾದ ದರಕ್ಕೆ ತರಿಸಿಕೊಡುವುದು ನನ್ನ ಹೊಣೆ. ಈ ಪಟ್ಟಿಯಲ್ಲಿ ಮ್ಯಾಗ್ನೆಟ್ ತೂಕದಲ್ಲಾಗಲಿ ಬೆಲೆಯಲ್ಲಾಗಲಿ ಮೊದಲ ಸಾಲಿಗೆ ಬರುವಂಥದ್ದಲ್ಲ. ಅರ್ಧ ಬೆಂಕಿಪೊಟ್ಟಣದಷ್ಟು ಗಾತ್ರದ, ನಿಕಲ್ ಲೇಪದಿಂದ ಕನ್ನಡಿಯಂತೆ ಹೊಳೆಯುವ ಒಂದು ತುಂಡು ಅದು. ಆದರೆ ಅಂಥ ಎರಡು ತುಂಡುಗಳ ನಡುವೆ ಬೆರಳು ಸಿಕ್ಕಿಕೊಂಡವರಿಗೆ ಅದರ ಬಲ ಎಂಥದೆಂದು ಮತ್ತೆ ಹೇಳಬೇಕಾಗಿಲ್ಲ. ನಮ್ಮಲ್ಲಿ ರೋಟರಿನ, ಅಂದರೆ ಮೋಟಾರಿನೊಳಗೆ ತಿರುಗುವ ಭಾಗದ, ಸೀಳುಗಳಿಗೆ ಮ್ಯಾಗ್ನೆಟ್ ಕೂರಿಸುವವರು ಹಿತ್ತಾಳೆಯ ಉಪಕರಣವನ್ನಷ್ಟೇ ಬಳಸುತ್ತಾರೆ, ಕೈಗಡಿಯಾರ ಬಿಚ್ಚಿಟ್ಟು ಬರುತ್ತಾರೆ. ವಿಮಾನದಲ್ಲಿ ತರಿಸುವಾಗಲಂತೂ ವಿಮಾನದ ದಿಕ್ಸೂಚಿಗೆ ತೊಂದರೆಯಾಗದಂತೆ ಪೆಟ್ಟಿಗೆಯ ಒಳಮೈಗೆ ಉಕ್ಕಿನ ತಗಡು ಸುತ್ತಿಯೇ ಕಳುಹಿಸಬೇಕು.

2025ರ ಮೇ 26ರ ಸೋಮವಾರದಿಂದ ಆಗಸ್ಟ್ 5ರವರೆಗೆ, ಅಂದರೆ 71 ದಿನ, ಈ ತುಂಡುಗಳಿಲ್ಲದೆ ನಮ್ಮ ರೋಟರ್ ಲೈನು ನಿಂತಿತ್ತು. ದೇಶದೇಶಗಳ ನಡುವಣ ಪೂರೈಕೆ ಸರಪಳಿ ಕಡಿದುಕೊಳ್ಳುತ್ತಿದೆ ಎಂದು ಪತ್ರಿಕೆಗಳಲ್ಲಿ ನಾನೂ ಓದುತ್ತಿದ್ದೆ. ಅದು ನಮ್ಮ ಶೆಡ್ಡಿನೊಳಗೆ ಹೇಗೆ ಬಂದು ಕೂರುತ್ತದೆ ಎಂಬುದನ್ನು ಕಂಡದ್ದು ಆ ದಿನಗಳಲ್ಲಿ. ಆಗ ಕಂಡದ್ದನ್ನು, ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಆ ತುಂಡಿನಲ್ಲಿ ಏನಿದೆ ಎಂದು ಹೇಳಬೇಕು. ಅದರ ಮೂರನೇ ಎರಡು ಭಾಗ ಬರೀ ಕಬ್ಬಿಣ. ಶೇ 1ರಷ್ಟು ಬೋರಾನ್. ಉಳಿದ ಶೇ 30ರಷ್ಟು ವಿರಳ ಭೂಧಾತುಗಳೆಂದು ಕರೆಯುವ ಲೋಹಗಳು, ಅದರಲ್ಲೂ ಮುಖ್ಯವಾಗಿ ನಿಯೋಡಿಮಿಯಂ ಮತ್ತು ಪ್ರಸಿಯೋಡಿಮಿಯಂ. ಸಾದಾ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ಬೇಸಿಗೆಯ ಮಧ್ಯಾಹ್ನ ಆರು ಜನರನ್ನು ಹೊತ್ತು ಏರು ಹತ್ತುವ ಆಟೊದ ಮೋಟಾರಿನೊಳಗೆ ಅದಕ್ಕಿಂತ ಹೆಚ್ಚು ಕಾವೇರುವುದು ದಿನದ ಮಾತು. ಹಾಗಾಗಿ ಅದಕ್ಕೆ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಎಂಬ ಭಾರದ ಧಾತುವನ್ನು ಸ್ವಲ್ಪವೇ ಸ್ವಲ್ಪ, ಅಡುಗೆಗೆ ಇಂಗು ಹಾಕಿದ ಹಾಗೆ, ಸೇರಿಸುತ್ತಾರೆ. ನಮ್ಮ ಡ್ರಾಯಿಂಗಿನಲ್ಲಿ ಮ್ಯಾಗ್ನೆಟ್ಟಿನ ದರ್ಜೆಯ ಕೊನೆಗೆ ‘ಎಸ್‌ಎಚ್’ ಎಂಬ ಎರಡು ಅಕ್ಷರಗಳಿವೆ. 150 ಡಿಗ್ರಿಯವರೆಗೆ ತಾಳುತ್ತದೆ ಎಂದು ಅದರ ಅರ್ಥ. ಆ ಎರಡು ಅಕ್ಷರಗಳೇ ನಮ್ಮನ್ನು ಸಿಕ್ಕಿಸಿದವು.

ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಜಗತ್ತಿನ ದೇಶಗಳ ಮೇಲೆ ಹೊಸ ಸುಂಕಗಳನ್ನು ಘೋಷಿಸಿದರು. ಏಪ್ರಿಲ್ 4ರಂದು ಚೀನಾ ಏಳು ವಿರಳ ಭೂಧಾತುಗಳ ಹಾಗೂ ಅವು ಬೆರೆತ ಮ್ಯಾಗ್ನೆಟ್‌ಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಆ ಏಳರಲ್ಲಿ ಡಿಸ್ಪ್ರೋಸಿಯಂ, ಟರ್ಬಿಯಂ ಎರಡೂ ಇದ್ದವು. ಜಗಳ ಇದ್ದದ್ದು ವಾಷಿಂಗ್ಟನ್ನಿಗೂ ಬೀಜಿಂಗಿಗೂ. ಆದರೆ ನಿಯಮ ಎಲ್ಲ ದೇಶಗಳಿಗೂ ಅನ್ವಯವಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ. ಮೇ ತಿಂಗಳಲ್ಲಿ ಅಮೆರಿಕದ ಷಿಕಾಗೊದಲ್ಲಿ ಫೋರ್ಡ್ ತನ್ನ ಕಾರ್ಖಾನೆಯನ್ನು ಒಂದು ವಾರ ಮುಚ್ಚಿತು. ಜಪಾನಿನಲ್ಲಿ ಸುಜುಕಿ ತನ್ನ ಸ್ವಿಫ್ಟ್ ಕಾರಿನ ತಯಾರಿಕೆಯನ್ನು ನಿಲ್ಲಿಸಿತು. ಅಂಥವರ ಪಾಡೇ ಹೀಗಾದಾಗ ಬೊಮ್ಮಸಂದ್ರದ ನಮ್ಮ ಶೆಡ್ಡಿನ ಪಾಡನ್ನು ಯಾರು ಕೇಳಿಯಾರು?

ನಮಗೆ ಮ್ಯಾಗ್ನೆಟ್ ಕಳುಹಿಸುವವರು ಚೀನಾದ ನಿಂಗ್ಬೊ ನಗರದವರು. ಅವರ ರಫ್ತು ವಿಭಾಗದಲ್ಲಿ ನನ್ನ ಆರ್ಡರುಗಳನ್ನು ನೋಡಿಕೊಳ್ಳುವ ಹೆಣ್ಣುಮಗಳೊಬ್ಬರೊಡನೆ ನನಗೆ 12 ವರ್ಷಗಳ ವ್ಯವಹಾರ. ಮುಖ ನೋಡಿದ್ದು ಒಮ್ಮೆ ಮಾತ್ರ, ಮಾಲು ಪರೀಕ್ಷಿಸಲು ಹೋದಾಗ. ಪ್ರತಿ ದೀಪಾವಳಿಗೆ ತಪ್ಪದೆ ಶುಭಾಶಯ ಕಳುಹಿಸುವವರು ಅವರು. ಅವರ ವಸಂತೋತ್ಸವಕ್ಕೆ ನಾನೂ ಕಳುಹಿಸುತ್ತೇನೆ. ಮೊದಲು ವಿಚಾಟ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಗಾಲ್ವಾನ್ ಘರ್ಷಣೆಯ ಬಳಿಕ 2020ರ ಜೂನ್ ಕೊನೆಯಲ್ಲಿ ಭಾರತ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಸೇರಿದ್ದರಿಂದ ಅಂದಿನಿಂದ ಇಮೇಲ್ ಒಂದೇ ದಾರಿ. ಏಪ್ರಿಲ್ ಎರಡನೇ ವಾರ ಅವರಿಂದ ನಾಲ್ಕು ಸಾಲಿನ ಪತ್ರ ಬಂತು. ನಿಮ್ಮ ಲಾಟ್ ಸಿದ್ಧವಾಗಿ ಗೋದಾಮಿನಲ್ಲಿದೆ, ಆದರೆ ಕಸ್ಟಮ್ಸ್ ಒಪ್ಪುತ್ತಿಲ್ಲ, ಪರವಾನಗಿ ಬೇಕಂತೆ, ಅರ್ಜಿಯ ನಮೂನೆ ನಮಗೂ ಇನ್ನೂ ಸರಿಯಾಗಿ ತಿಳಿದಿಲ್ಲ ಎಂಬುದು ಅದರ ಸಾರ. ನಮ್ಮ ಸ್ಟೋರ್ಸಿನಲ್ಲಿ ಆಗ ಆರು ವಾರಗಳಿಗೆ ಸಾಲುವಷ್ಟು ದಾಸ್ತಾನಿತ್ತು. ಆರು ವಾರದೊಳಗೆ ಬಗೆಹರಿಯದೆ ಇದ್ದೀತೇ ಎಂದುಕೊಂಡೆ.

ಬಗೆಹರಿಯಲಿಲ್ಲ. ಅರ್ಜಿಯ ಜೊತೆಗೆ ‘ಎಂಡ್ ಯೂಸರ್ ಸರ್ಟಿಫಿಕೇಟ್’ ಬೇಕು ಎಂದರು. ಈ ಮ್ಯಾಗ್ನೆಟ್ಟನ್ನು ಯಾವ ಮೋಟಾರಿಗೆ ಹಾಕುತ್ತೇವೆ, ಆ ಮೋಟಾರು ಯಾರಿಗೆ ಹೋಗುತ್ತದೆ, ಅವರು ಅದನ್ನು ಯಾವ ವಾಹನಕ್ಕೆ ಕೂರಿಸುತ್ತಾರೆ, ಇವುಗಳಲ್ಲಿ ಯಾವುದೂ ಸೇನೆಯ ಬಳಕೆಗೆ ಹೋಗುವುದಿಲ್ಲ, ಇನ್ನೊಂದು ದೇಶಕ್ಕೆ ದಾಟುವುದಿಲ್ಲ ಎಂದೆಲ್ಲ ಲೆಟರ್‌ಹೆಡ್ಡಿನಲ್ಲಿ ಬರೆದು, ಸಹಿ ಮತ್ತು ಸೀಲು ಹಾಕಿ, ನೋಟರಿ ಮಾಡಿಸಿ, ನಮ್ಮ ಸರ್ಕಾರದ ಇಲಾಖೆಗಳಿಂದ ದೃಢೀಕರಿಸಿಕೊಂಡು, ದೆಹಲಿಯ ಚೀನಾ ರಾಯಭಾರ ಕಚೇರಿಯ ಮುದ್ರೆ ಒತ್ತಿಸಿ ಕಳುಹಿಸಬೇಕು. ಅದು ಅಲ್ಲಿನ ಪ್ರಾಂತ್ಯದ ಕಚೇರಿಯ ಮೂಲಕ ಬೀಜಿಂಗಿನ ವಾಣಿಜ್ಯ ಸಚಿವಾಲಯಕ್ಕೆ ಹೋಗುತ್ತದೆ. ಅಲ್ಲಿ ಪರಿಶೀಲನೆಗೆ 45 ಕೆಲಸದ ದಿನಗಳ ಅವಧಿ. ಹದಿನೇಳು ವರ್ಷಗಳಲ್ಲಿ ನಾನು ಸಾವಿರಾರು ಖರೀದಿ ಆದೇಶಗಳಿಗೆ ಸಹಿ ಹಾಕಿದ್ದೇನೆ. ದುಡ್ಡು ಕೊಟ್ಟು ಕೊಳ್ಳುವವನು ತಾನು ಸಾಧುವೆಂದು ಪ್ರಮಾಣ ಮಾಡಬೇಕಾದ ಸಂದರ್ಭ ಅದೇ ಮೊದಲು ಬಂದದ್ದು.

ಅದಕ್ಕಿಂತಲೂ ನನ್ನನ್ನು ಹೆಚ್ಚು ಕದಡಿದ್ದು ಇನ್ನೊಂದು. ಪ್ರಮಾಣಪತ್ರಕ್ಕೆ ಪೂರಕವಾಗಿ ಮೋಟಾರಿನ ಚಿತ್ರಗಳನ್ನೂ ರೋಟರಿನ ಡ್ರಾಯಿಂಗನ್ನೂ ಲಗತ್ತಿಸಿದರೆ ಅನುಕೂಲ ಎಂದು ನಿಂಗ್ಬೊದಿಂದ ಪತ್ರ ಬಂತು. ಆ ರೋಟರಿನಲ್ಲಿ ಮ್ಯಾಗ್ನೆಟ್‌ಗಳನ್ನು ಯಾವ ಕೋನದಲ್ಲಿ ಕೂರಿಸಿದರೆ ನಡುಗು ಕಡಿಮೆಯಾಗುತ್ತದೆ ಎಂಬುದನ್ನು ನಮ್ಮ ವಿನ್ಯಾಸ ವಿಭಾಗದ ಇಬ್ಬರು ಎರಡೂವರೆ ವರ್ಷ ಕೂತು ಸಾಧಿಸಿದ್ದರು. ನಾವು ಮಾರುವ ಮೋಟಾರಿಗೆ ಮಾರುಕಟ್ಟೆಯಲ್ಲಿ ಎದುರಾಳಿಗಳು ಯಾರು ಎಂದರೆ ಚೀನಾದ ಮೋಟಾರುಗಳೇ. ಹಾಗಿರುವಾಗ ಆ ಡ್ರಾಯಿಂಗನ್ನು ಅಲ್ಲಿನ ಸರ್ಕಾರಿ ಕಚೇರಿಗೆ ಕಳುಹಿಸುವುದೇ? ಕಳುಹಿಸದಿದ್ದರೆ ಲೈನು ನಿಲ್ಲುತ್ತದೆ. ಎರಡು ದಿನ ಚರ್ಚೆ ನಡೆಯಿತು. ಕೊನೆಗೆ ಹೊರಗಿನ ಅಳತೆಗಳಷ್ಟೇ ಇರುವ ಚಿತ್ರವನ್ನು ಕಳುಹಿಸಿದೆವು. ಅದು ಸಾಲದೆಂದು ಅರ್ಜಿ ಮರಳಿ ಬಂತು. ಪತ್ರ ಬರೆದ ಹೆಣ್ಣುಮಗಳು ಕ್ಷಮೆ ಕೇಳಿದ್ದರು. ತಮ್ಮ ಕಾರ್ಖಾನೆಯಲ್ಲೂ ಸಿದ್ಧ ಮಾಲು ಗುಡ್ಡೆ ಬಿದ್ದು ಒಂದು ಪಾಳಿಯ ಕೆಲಸ ನಿಂತಿದೆ ಎಂದು ಕೊನೆಯಲ್ಲೊಂದು ಸಾಲು ಸೇರಿಸಿದ್ದರು. ಆ ಸಾಲನ್ನು ನಾನು ಹಲವು ಸಲ ಓದಿದೆ.

ಮೇ 24ರ ಶನಿವಾರ ಸಂಜೆ ಪಾಳಿ ಮುಗಿಯುವಾಗ ರೋಟರ್ ಲೈನಿನ ರಾಯಚೂರು ಕಡೆಯ ಹುಡುಗನೊಬ್ಬ ಸ್ಟೋರ್ಸಿನ ಬಾಗಿಲಲ್ಲಿ ನಿಂತು, “ಸರ್, ಸೋಮವಾರ ಡ್ಯೂಟಿ ಐತೇನ್ರೀ?” ಎಂದು ಕೇಳಿದ. ಗುತ್ತಿಗೆಯ ಮೇಲೆ ಬಂದವನು, ದಿನಗೂಲಿ. “ಫೋನ್ ಮಾಡಿ ತಿಳಿಸ್ತೀವಪ್ಪ” ಎಂದೆ. ಅವನ ಹಿಂದೆ ನಿಂತಿದ್ದ ಮೇಲ್ವಿಚಾರಕಿ ಏನೂ ಮಾತಾಡದೆ ಹಿತ್ತಾಳೆಯ ಉಪಕರಣಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದರು. ಆ ಲೈನಿನಲ್ಲಿ ಕೆಲಸ ಮಾಡುವ 14 ಜನರಲ್ಲಿ ಒಂಬತ್ತು ಮಂದಿ ಗುತ್ತಿಗೆಯವರು. ಜೂನ್ ಹೊತ್ತಿಗೆ ಅವರಲ್ಲಿ ಆರು ಜನ ಬೇರೆ ಕೆಲಸ ಹುಡುಕಿಕೊಂಡು ಹೋದರು. ಹೋದವರಲ್ಲಿ ಇಬ್ಬರಷ್ಟೇ ಮರಳಿ ಬಂದದ್ದು.

ಲೈನು ನಿಂತ ಎರಡನೇ ವಾರ ಒಬ್ಬ ಮಧ್ಯವರ್ತಿ ಫೋನು ಮಾಡಿ, ಮ್ಯಾಗ್ನೆಟ್‌ಗೆ ತಾನೇ ಪರವಾನಗಿ ಬೇಕಾಗಿರುವುದು, ಮ್ಯಾಗ್ನೆಟ್ ಕೂರಿಸಿದ ರೋಟರನ್ನೋ ಇಡೀ ಮೋಟಾರನ್ನೋ ತರಿಸಿಕೊಂಡರೆ ಯಾವ ತಂಟೆಯೂ ಇಲ್ಲ, ದರವನ್ನೂ ಹೊಂದಿಸಿಕೊಡೋಣ ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ವಾಹನ ತಯಾರಿಸುವ ದೊಡ್ಡವರೂ ಆ ದಿನಗಳಲ್ಲಿ ಇದೇ ದಾರಿಯನ್ನು ಪರಿಶೀಲಿಸುತ್ತಿದ್ದರು. ಫೋನು ಇಟ್ಟ ಮೇಲೆ ನನಗೆ ಈ ವ್ಯವಹಾರದ ತಿರುಳು ಹೊಳೆಯಿತು. ‘ಡಿಕಪ್ಲಿಂಗ್’ ಎಂಬ ಮಾತನ್ನು ಕೇಳಿದಾಗ ಎರಡು ದೇಶಗಳು ಒಂದನ್ನೊಂದು ಬಿಟ್ಟು ದೂರ ಸರಿಯುವ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ನಡೆಯುತ್ತಿದ್ದದ್ದು ಅದರ ವಿರುದ್ಧ. ಬಿಡಿಭಾಗದ ಬಾಗಿಲು ಮುಚ್ಚಿ, ಸಿದ್ಧ ವಸ್ತುವಿನ ಬಾಗಿಲು ತೆರೆದಿಟ್ಟರೆ ಕೊಳ್ಳುವ ದೇಶದಲ್ಲಿ ನಡುವಿನ ಕೆಲಸ ಮಾಡುತ್ತಿದ್ದವರು ಇಲ್ಲವಾಗುತ್ತಾರೆ. ಅವಲಂಬನೆ ಒಂದು ಮೆಟ್ಟಿಲು ಮೇಲೇರುತ್ತದೆ. ಮ್ಯಾಗ್ನೆಟ್ ಕೊಳ್ಳುತ್ತಿದ್ದವರು ಮೋಟಾರು ಕೊಳ್ಳುವವರಾಗುತ್ತಾರೆ. ನಮ್ಮ ಮಾಲೀಕರು ಆ ಮಾಲನ್ನು ತರಿಸಲು ಒಪ್ಪಲಿಲ್ಲ. ಒಪ್ಪಿದ್ದರೆ ತಪ್ಪೆಂದು ನಾನು ಹೇಳುತ್ತಿರಲಿಲ್ಲ, ಏಕೆಂದರೆ ಬ್ಯಾಂಕಿನ ಕಂತು ಯಾವ ಭೂರಾಜಕೀಯವನ್ನೂ ಕೇಳುವುದಿಲ್ಲ.

ಆ ಬಿಡುವಿನ ದಿನಗಳಲ್ಲಿ ನಾನು ಓದತೊಡಗಿದೆ. ಇಂಥ ತುಂಡೊಂದಕ್ಕೆ ಜಗತ್ತು ಒಂದೇ ದೇಶದ ಬಾಗಿಲಲ್ಲಿ ನಿಲ್ಲುವಂತಾದದ್ದು ಹೇಗೆ ಎಂಬ ಪ್ರಶ್ನೆ ನಿದ್ದೆಗೆಡಿಸಿತ್ತು. ಈ ಮ್ಯಾಗ್ನೆಟ್ಟನ್ನು 1980ರ ದಶಕದ ಆರಂಭದಲ್ಲಿ ಕಂಡುಹಿಡಿದವರು ಚೀನಾದವರಲ್ಲ. ಜಪಾನಿನ ಸುಮಿಟೊಮೊ ಸ್ಪೆಷಲ್ ಮೆಟಲ್ಸ್‌ನಲ್ಲಿದ್ದ ಮಸಾತೊ ಸಗಾವ ಮತ್ತು ಅಮೆರಿಕದ ಜನರಲ್ ಮೋಟಾರ್ಸ್‌ನ ಸಂಶೋಧಕರು ಬಹುತೇಕ ಏಕಕಾಲಕ್ಕೆ ಅದನ್ನು ಸಾಧಿಸಿದರು. ಜನರಲ್ ಮೋಟಾರ್ಸ್ ಇದಕ್ಕೆಂದೇ ಇಂಡಿಯಾನಾ ರಾಜ್ಯದಲ್ಲಿ ಮ್ಯಾಗ್ನೆಕ್ವೆಂಚ್ ಎಂಬ ಘಟಕವನ್ನು ಕಟ್ಟಿತು. 1995ರಲ್ಲಿ ಅದನ್ನು ಚೀನಾದ ಸಂಸ್ಥೆಗಳೂ ಪಾಲುದಾರರಾಗಿದ್ದ ಕೂಟಕ್ಕೆ ಮಾರಿದರು, ಮುಂದಿನ ಕೆಲವು ವರ್ಷಗಳಲ್ಲಿ ಯಂತ್ರಗಳೂ ತಯಾರಿಕೆಯೂ ಚೀನಾಕ್ಕೆ ಹೋದವು. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ಒಂದು ಕಾಲಕ್ಕೆ ಜಗತ್ತಿನ ವಿರಳ ಭೂಧಾತುಗಳ ಮುಖ್ಯ ಮೂಲವಾಗಿತ್ತು. ಅದೂ 2002ರಲ್ಲಿ ಬಾಗಿಲು ಹಾಕಿತು.

ಆದರೆ ಚೀನಾ ಸುಮ್ಮನೆ ಕೊಂಡುಕೊಂಡು ಗೆದ್ದಿತು ಎಂದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಈ ಲೋಹಗಳ ಕಷ್ಟ ಇರುವುದು ಅಗೆಯುವುದರಲ್ಲಿ ಅಲ್ಲ, ಬೇರ್ಪಡಿಸುವುದರಲ್ಲಿ. ರಾಸಾಯನಿಕವಾಗಿ ಅವು ಅವಳಿಜವಳಿಗಳಂತೆ ಒಂದನ್ನೊಂದು ಹೋಲುತ್ತವೆ. ಒಂದರಿಂದ ಇನ್ನೊಂದನ್ನು ಬಿಡಿಸಲು ಆಮ್ಲದ ದ್ರಾವಣವನ್ನೂ ದ್ರಾವಕವನ್ನೂ ತೊಟ್ಟಿಯಿಂದ ತೊಟ್ಟಿಗೆ ನೂರಾರು ಹಂತಗಳಲ್ಲಿ ಎದುರುಬದುರಾಗಿ ಹಾಯಿಸುತ್ತ ಹೋಗಬೇಕು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ 1951ರಲ್ಲಿ ತಾಯ್ನಾಡಿಗೆ ಮರಳಿದ ಶು ಗ್ವಾಂಗ್‌ಶಿಯನ್ ಎಂಬ ರಸಾಯನ ವಿಜ್ಞಾನಿ, ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಕುಳಿತು 1970ರ ದಶಕದಲ್ಲಿ ಈ ಹಂತಗಳನ್ನು ಲೆಕ್ಕ ಹಾಕುವ ಸಿದ್ಧಾಂತವನ್ನು ರೂಪಿಸಿದರು. ಅವರ ಶಿಷ್ಯರು, ಆ ಶಿಷ್ಯರ ಶಿಷ್ಯರು ಕಾರ್ಖಾನೆಗಳಲ್ಲಿ ಅದನ್ನು ದುಡಿಸಿದರು. ಜೊತೆಗೆ ಒಳ ಮಂಗೋಲಿಯಾದ ಬಾವೊತೌ ನಗರದ ಬಳಿ ಗಣಿಯ ಕಸ ತುಂಬಿದ ವಿಷದ ಕೆರೆಯೂ ಜಿಯಾಂಗ್ಶಿಯ ಗುಡ್ಡಗಳಲ್ಲಿ ಆಮ್ಲ ಹರಿದ ಹೊಲಗಳೂ ಈ ಅಗ್ಗದ ದರದ ಲೆಕ್ಕದಲ್ಲಿ ಸೇರಿವೆ ಎಂಬುದನ್ನು ಮರೆಯಲಾಗದು. ಆ ಕೊಳೆಯನ್ನು ತಮ್ಮ ಅಂಗಳದಲ್ಲಿ ಬೇಡವೆಂದ ದೇಶಗಳು ಮಾಲನ್ನು ಮಾತ್ರ ಸಂತೋಷದಿಂದ ಕೊಂಡವು. ನಾವೂ ಕೊಂಡೆವು. ಇಂದು ಬೇರ್ಪಡಿಸುವ ಕೆಲಸದ ಶೇ 90ರಷ್ಟು, ಮ್ಯಾಗ್ನೆಟ್ ತಯಾರಿಕೆಯಲ್ಲೂ ಅದಕ್ಕೆ ಕಡಿಮೆಯಿಲ್ಲದ ಪಾಲು ಚೀನಾದ ಕೈಯಲ್ಲಿದೆ. ಈ ಎರಡರ ತಂತ್ರಜ್ಞಾನವನ್ನು ಹೊರದೇಶಕ್ಕೆ ಕೊಡದಂತೆ 2023ರ ಡಿಸೆಂಬರಿನಲ್ಲೇ ಅದು ಬೀಗ ಹಾಕಿತ್ತು. ನನ್ನಂಥವರು ಆ ಸುದ್ದಿಯನ್ನು ಒಳಪುಟದಲ್ಲಿ ಓದಿ ಪುಟ ತಿರುವಿದ್ದೆವು.

ಎಚ್ಚರಿಕೆಯ ಗಂಟೆ ಅದಕ್ಕೂ ಬಹಳ ಮೊದಲು ಬಾರಿಸಿತ್ತು. 2010ರ ಸೆಪ್ಟೆಂಬರಿನಲ್ಲಿ, ಜಪಾನು ಚೀನಾ ಎರಡೂ ತಮ್ಮದೆನ್ನುವ ಸೆಂಕಾಕು ದ್ವೀಪಗಳ ಬಳಿ ಚೀನಾದ ಮೀನುಗಾರಿಕೆ ದೋಣಿಯೊಂದು ಜಪಾನಿನ ಕರಾವಳಿ ಕಾವಲು ಹಡಗುಗಳಿಗೆ ಡಿಕ್ಕಿ ಹೊಡೆದು, ದೋಣಿಯ ನಾಯಕನನ್ನು ಜಪಾನು ಬಂಧಿಸಿದ ಬೆನ್ನಿಗೆ ಅಲ್ಲಿಗೆ ಹೋಗಬೇಕಿದ್ದ ವಿರಳ ಭೂಧಾತುಗಳ ಸಾಗಣೆ ನಿಂತುಹೋಯಿತು. ಅಧಿಕೃತ ನಿಷೇಧವೆಂಬುದೇನೂ ಇಲ್ಲ ಎಂದು ಚೀನಾ ಹೇಳಿತು. ಹಡಗುಗಳು ಮಾತ್ರ ಹೊರಡಲಿಲ್ಲ. ಜಪಾನು ಪಾಠ ಕಲಿಯಿತು. ಮರುವರ್ಷವೇ ಅಲ್ಲಿನ ಸರ್ಕಾರಿ ಸಂಸ್ಥೆ ಮತ್ತು ಸೊಜಿಟ್ಸ್ ಕಂಪನಿ ಸೇರಿ ಆಸ್ಟ್ರೇಲಿಯಾದ ಲೈನಾಸ್ ಎಂಬ ಗಣಿ ಕಂಪನಿಗೆ 25 ಕೋಟಿ ಡಾಲರ್ ನೆರವು ಕೊಟ್ಟವು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಗೆದ ಅದಿರನ್ನು ಮಲೇಷ್ಯಾದಲ್ಲಿ ಬೇರ್ಪಡಿಸುವ ಆ ವ್ಯವಸ್ಥೆ ಹಲವು ಸಲ ಮುಗ್ಗರಿಸಿದರೂ ಜಪಾನು ಕೈಬಿಡಲಿಲ್ಲ. ಅಷ್ಟಾದರೂ, ಶೇ 90ರಷ್ಟಿದ್ದ ಅದರ ಅವಲಂಬನೆ ಇಳಿದದ್ದು ಶೇ 60ರ ಆಸುಪಾಸಿಗೆ. 15 ವರ್ಷ, ಸರ್ಕಾರದ ಹಣ, ಕಂಪನಿಗಳ ತಾಳ್ಮೆ ಇಷ್ಟೆಲ್ಲ ಸೇರಿದ ಮೇಲಿನ ಲೆಕ್ಕ ಇದು.

ಅಮೆರಿಕದ ಕಥೆ ಬೇರೆ. 2011ರಲ್ಲಿ ಬೆಲೆ ಮುಗಿಲು ಮುಟ್ಟಿದಾಗ ಮಾಲಿಕಾರ್ಪ್ ಎಂಬ ಕಂಪನಿ ಮೌಂಟನ್ ಪಾಸ್ ಗಣಿಗೆ ಮತ್ತೆ ಜೀವ ಕೊಡಲು ಹೊರಟಿತು. ಬೆಲೆ ಕುಸಿಯಿತು, 2015ರಲ್ಲಿ ಕಂಪನಿ ದಿವಾಳಿಯಾಯಿತು. ಈಗ ಆ ಗಣಿಯನ್ನು ನಡೆಸುತ್ತಿರುವ ಎಂಪಿ ಮೆಟೀರಿಯಲ್ಸ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ 2025ರ ಜುಲೈನಲ್ಲಿ 40 ಕೋಟಿ ಡಾಲರ್ ಹೂಡಿ, ಅದರ ಲೋಹಕ್ಕೆ ಕಿಲೋಗೆ 110 ಡಾಲರಿನ ಕನಿಷ್ಠ ಬೆಲೆಯ ಖಾತರಿ ಕೊಟ್ಟಿತು. ಮಾರುಕಟ್ಟೆಯೇ ಎಲ್ಲವನ್ನೂ ನಿರ್ಧರಿಸಲಿ ಎಂದು ಜಗತ್ತಿಗೆ ಬೋಧಿಸಿದ ದೇಶ, ನಮ್ಮ ರೈತರು ಭತ್ತಕ್ಕೆ ಕೇಳುವ ಬೆಂಬಲ ಬೆಲೆಯನ್ನು ನಿಯೋಡಿಮಿಯಂಗೆ ಕೊಟ್ಟಿದೆ. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅನಿಸಿಕೆ, ಏಕೆಂದರೆ ಕುಸಿಯುವ ಬೆಲೆ ಏನು ಮಾಡುತ್ತದೆ ಎಂಬುದಕ್ಕೆ ನನ್ನ ಕಪಾಟಿನಲ್ಲೇ ಸಾಕ್ಷಿಯಿದೆ.

2011ರಲ್ಲಿ ನಾವು ಲಿಫ್ಟುಗಳಿಗೆ ಮೋಟಾರು ಮಾಡುತ್ತಿದ್ದೆವು. ಮ್ಯಾಗ್ನೆಟ್ಟಿನ ದರ ತಿಂಗಳಿಂದ ತಿಂಗಳಿಗೆ ಏರಿದಾಗ, ಎರಡನೆಯ ಮೂಲವೊಂದನ್ನು ಹುಡುಕು ಎಂದು ನನಗೆ ಹೇಳಿದರು. ಆರು ತಿಂಗಳು ಓಡಾಡಿ ಜಪಾನಿನ ಮಾಲು ಒದಗಿಸುವವರೊಬ್ಬರನ್ನು ಹಿಡಿದೆ. ಮಾದರಿ ಲಾಟ್ ಬಂತು, ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತು. ಅಷ್ಟರಲ್ಲಿ 2012 ಬಂದು ಚೀನಾದ ದರ ಇಳಿಯಿತು. ನನ್ನ ದರ ತುಲನಾ ಪಟ್ಟಿಯಲ್ಲಿ ಜಪಾನಿನ ಮಾಲು ಶೇ 35 ದುಬಾರಿಯಾಗಿ ಕಂಡಿತು. ಇನ್ನು ಅವರಿಂದ ಕೊಳ್ಳುವ ಅಗತ್ಯವಿಲ್ಲ ಎಂದು ನಾನೇ ಟಿಪ್ಪಣಿ ಬರೆದೆ. ಆ ವರ್ಷ ಉಳಿತಾಯ ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರು ಬಂದು, ಗೋಡೆ ಗಡಿಯಾರವೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದು ಇಂದಿಗೂ ಮನೆಯಲ್ಲಿ ನಡೆಯುತ್ತಿದೆ. ಆ ಟಿಪ್ಪಣಿಯಲ್ಲಿ ಲೆಕ್ಕದ ತಪ್ಪು ಒಂದೂ ಇರಲಿಲ್ಲ. ನನ್ನಂಥ ಖರೀದಿಯವರು ಸ್ಟುಟ್‌ಗಾರ್ಟಿನಲ್ಲಿ, ನಗೊಯಾದಲ್ಲಿ, ಪುಣೆಯಲ್ಲಿ ಕುಳಿತು ಅದೇ ವರ್ಷಗಳಲ್ಲಿ ಅಂಥದೇ ಟಿಪ್ಪಣಿಗಳನ್ನು ಬರೆದಿರಬೇಕು. ಒಂದು ದೇಶದ ಕೈಯಲ್ಲಿ ಇಷ್ಟೊಂದು ಬಲ ಕೂಡಿದ್ದು ಅದರ ಯೋಜನೆಯಿಂದ ಎಷ್ಟೋ, ಲೆಕ್ಕ ತಪ್ಪದ ನಮ್ಮ ಟಿಪ್ಪಣಿಗಳಿಂದಲೂ ಅಷ್ಟೇ ಎಂದು ನನಗೀಗ ಅನಿಸುತ್ತದೆ.

ನಮ್ಮ ದೇಶದ ಕಡೆಯಿಂದಲೂ ಬಾಗಿಲುಗಳು ಮುಚ್ಚಿದ್ದುಂಟು ಎಂಬುದನ್ನು ಹೇಳದಿದ್ದರೆ ನ್ಯಾಯವಾಗದು. ಅದರ ಗುರುತು ನಮ್ಮ ಕಾರ್ಖಾನೆಯ ಹತ್ತಿರದಲ್ಲೇ ಇದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಬರುವ ನಮ್ಮ ಮೆಟ್ರೊ ಹಳದಿ ಮಾರ್ಗದ ಕಂಬಗಳೂ ನಿಲ್ದಾಣಗಳೂ ಸಿದ್ಧವಾದ ಮೇಲೂ ಬಹುಕಾಲ ರೈಲುಗಳಿರಲಿಲ್ಲ. 216 ಬೋಗಿಗಳ ಗುತ್ತಿಗೆ 2019ರ ಕೊನೆಯಲ್ಲಿ ಸಿಕ್ಕಿದ್ದು ಚೀನಾದ ಸರ್ಕಾರಿ ಕಂಪನಿಗೆ. ಬಹುಪಾಲು ಬೋಗಿಗಳನ್ನು ಅದು ಭಾರತದಲ್ಲೇ ತಯಾರಿಸಬೇಕೆಂಬ ಷರತ್ತಿತ್ತು. 2020ರ ಏಪ್ರಿಲಿನಲ್ಲಿ ನೆರೆಯ ದೇಶಗಳ ಹೂಡಿಕೆಗೆ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು, ಜೂನಿನಲ್ಲಿ ಗಾಲ್ವಾನ್ ನಡೆಯಿತು. ಕಾರ್ಖಾನೆ ಬರಲೇ ಇಲ್ಲ. ಕೊನೆಗೆ ಪಶ್ಚಿಮ ಬಂಗಾಳದ ಟೀಟಾಗಢ್ ಕಂಪನಿಯನ್ನು ಜೊತೆಗೆ ಸೇರಿಸಿಕೊಳ್ಳಬೇಕಾಯಿತು. ಮೊದಲ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ಲಾರಿಗಳ ಮೇಲೆ ಹೆಬ್ಬಗೋಡಿ ಡಿಪೊ ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಅದನ್ನು ಪರೀಕ್ಷಿಸಬೇಕಾದ ಚೀನೀ ಎಂಜಿನಿಯರುಗಳ ವೀಸಾ ವಿಷಯವೂ ಎಳೆದಾಡಿತು. ಅಷ್ಟೂ ವರ್ಷ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನ ಕಿಟಕಿಯಿಂದ ಆ ಖಾಲಿ ಹಳಿಗಳನ್ನು ನೋಡುತ್ತ ಲಕ್ಷಾಂತರ ಜನ ಕೆಲಸಕ್ಕೆ ಹೋದೆವು. ಗಡಿಯಲ್ಲಿ 20 ಯೋಧರು ಪ್ರಾಣ ತೆತ್ತ ಮೇಲೆ ಎಂದಿನಂತೆ ವ್ಯಾಪಾರ ಮಾಡಿಕೊಂಡಿರಿ ಎಂದು ಯಾವ ಸರ್ಕಾರವೂ ಹೇಳಲಾರದು, ಹೇಳಬಾರದು. ಆದರೆ ಆ ನಿರ್ಧಾರದ ವೆಚ್ಚ ಯಾರ ತಲೆಯ ಮೇಲೆ, ಎಷ್ಟು ಕಾಲ ಬಿತ್ತು ಎಂದು ಯಾರೂ ಲೆಕ್ಕ ಹಾಕಿ ಜನರ ಮುಂದಿಡಲಿಲ್ಲ ಎಂಬುದು ನನ್ನ ದೂರು. ಇಷ್ಟಾಗಿಯೂ ಚೀನಾದಿಂದ ನಮ್ಮ ಆಮದು ಕಡಿಮೆಯಾಗಲಿಲ್ಲ; 2019-20ರಲ್ಲಿ ಸುಮಾರು 6,500 ಕೋಟಿ ಡಾಲರ್ ಇದ್ದದ್ದು 2024-25ರಲ್ಲಿ 11,300 ಕೋಟಿ ಡಾಲರ್ ದಾಟಿತು.

ನಮ್ಮಲ್ಲಿ ಅದಿರೇ ಇಲ್ಲವೇ ಎಂದು ಹಲವರು ಕೇಳಿದ್ದಾರೆ. ಇದೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ, ಒಡಿಶಾದ ಛತ್ರಪುರದ ಕಡಲ ಮರಳಿನಲ್ಲಿ ಮೋನಜೈಟ್ ಎಂಬ ಖನಿಜವಿದೆ. ಇಂದು ಐಆರ್‌ಇಎಲ್ ಎಂದು ಕರೆಯುವ ಸರ್ಕಾರಿ ಸಂಸ್ಥೆ ಹುಟ್ಟಿದ್ದು 1950ರಲ್ಲಿ. ಕೇರಳದ ಆಲುವದಲ್ಲಿ ಅದರ ಸಂಸ್ಕರಣಾ ಘಟಕ 1952ರಲ್ಲೇ ಶುರುವಾಯಿತು. ಶು ಗ್ವಾಂಗ್‌ಶಿಯನ್ ಅವರ ಸಿದ್ಧಾಂತಕ್ಕಿಂತ ಎರಡು ದಶಕ ಮೊದಲು! ಆದರೆ ಮೋನಜೈಟ್‌ನಲ್ಲಿ ಅಣು ಇಂಧನಕ್ಕೆ ಒದಗುವ ಥೋರಿಯಂ ಇರುವುದರಿಂದ ಅದು ಅಣುಶಕ್ತಿ ಇಲಾಖೆಯ ಕಟ್ಟುನಿಟ್ಟಿನ ಅಡಿಯಲ್ಲಿ ಉಳಿಯಿತು. ಥೋರಿಯಂ ನಮ್ಮ ಮುಖ್ಯ ಗುರಿಯಾಯಿತು, ವಿರಳ ಭೂಧಾತು ಉಪಕಸುಬಾಯಿತು, ಲೋಹದಿಂದ ಮ್ಯಾಗ್ನೆಟ್‌ವರೆಗಿನ ದಾರಿಯನ್ನು ಯಾರೂ ದೊಡ್ಡ ಪ್ರಮಾಣದಲ್ಲಿ ತುಳಿಯಲಿಲ್ಲ. ವಿಶಾಖಪಟ್ಟಣದಲ್ಲಿ 2023ರಲ್ಲಿ ಉದ್ಘಾಟನೆಯಾದ ಘಟಕ ತಯಾರಿಸುವುದು ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್, ಅದೂ ವರ್ಷಕ್ಕೆ 3,000 ಕಿಲೋ. ಅದು ಬಾಹ್ಯಾಕಾಶ, ರಕ್ಷಣೆಯಂಥ ಕ್ಷೇತ್ರಗಳಿಗೆ. ಇನ್ನೂ ಒಂದು ಮಾತು: ನಮ್ಮ ಮರಳಿನಲ್ಲಿ ನಿಯೋಡಿಮಿಯಂ ಸಾಕಷ್ಟಿದ್ದರೂ ಡಿಸ್ಪ್ರೋಸಿಯಂ, ಟರ್ಬಿಯಂ ತೆಗೆಯುವಷ್ಟು ಇಲ್ಲ. ಆದ್ದರಿಂದ ನೆಲದಡಿ ನಿಧಿಯಿದೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಮೂರರಿಂದ ಐದು ಮೈಕ್ರಾನಿನಷ್ಟು ನುಣುಪಾದ, ಗಾಳಿ ಸೋಕಿದರೆ ಹೊತ್ತಿಕೊಳ್ಳುವ ಪುಡಿಯನ್ನು ಕಾಂತಕ್ಷೇತ್ರದಲ್ಲಿ ಒತ್ತಿ, 1,050 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿ, ಬಿರುಕು ಬಿಡದಂತೆ ಹೊರತೆಗೆಯುವ ಕೈಗಳನ್ನು ತಯಾರು ಮಾಡುವುದು ಗಣಿ ಅಗೆಯುವುದಕ್ಕಿಂತ ನಿಧಾನದ ಕೆಲಸ.

2025ರ ನವೆಂಬರ್ 26ರಂದು ಕೇಂದ್ರ ಸಚಿವ ಸಂಪುಟ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ತಯಾರಿಸುವ ಸಾಮರ್ಥ್ಯವನ್ನು ಹೆಚ್ಚೆಂದರೆ ಐದು ಕಂಪನಿಗಳ ಮೂಲಕ ಕಟ್ಟುವುದು ಅದರ ಗುರಿ. ಘಟಕ ಕಟ್ಟಲು ಎರಡು ವರ್ಷ, ಬಳಿಕ ಐದು ವರ್ಷ ಮಾರಾಟಕ್ಕೆ ತಕ್ಕ ಪ್ರೋತ್ಸಾಹಧನ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಪ್ರೋತ್ಸಾಹಧನ ಸಿಗಬೇಕಾದರೆ ಮಾಲು ಮಾರಾಟವಾಗಬೇಕು, ಮಾರಾಟವಾಗಬೇಕಾದರೆ ನನ್ನಂಥವರು ಕೊಳ್ಳಬೇಕು. ನಾಳೆ ಬೀಜಿಂಗು ಪರವಾನಗಿಯನ್ನು ಸಡಿಲಿಸಿ ದರವನ್ನು ಇಳಿಸಿದರೆ, ನಮ್ಮ ದರ ತುಲನಾ ಪಟ್ಟಿ ಏನು ಹೇಳುತ್ತದೆ ಎಂಬುದು ನನಗೆ ಗೊತ್ತು. ಇಂಥ ಸಡಿಲಿಕೆಯ ಸೂಚನೆ ಈಗಾಗಲೇ ಕಂಡಿದೆ. ಅಕ್ಟೋಬರ್ 9ರಂದು ಚೀನಾ ಇನ್ನೂ ಐದು ಧಾತುಗಳನ್ನು ಸೇರಿಸಿ ನಿಯಮಗಳನ್ನು ಬಿಗಿಗೊಳಿಸಿತ್ತು. ಅಕ್ಟೋಬರ್ 30ರಂದು ಬೂಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ ಆ ಹೊಸ ನಿಯಮಗಳನ್ನು ಒಂದು ವರ್ಷ ತಡೆಹಿಡಿಯಿತು. ಏಪ್ರಿಲಿನ ನಿಯಮ ಹಾಗೆಯೇ ಇದೆ. ಒಂದು ವರ್ಷ ಎಂಬುದು ಕೊಂಚ ಉಸಿರಾಡಲು ಸಾಕು, ಮರೆತುಬಿಡಲೂ ಸಾಕು. ಆದ್ದರಿಂದ ದೇಶೀ ಮಾಲನ್ನು ಇಂತಿಷ್ಟು ಕೊಳ್ಳಲೇಬೇಕೆಂಬ ಕರಾರು ವಾಹನ ಕಂಪನಿಗಳ ಕಡೆಯಿಂದಲೇ, ಕನಿಷ್ಠ ಐದು ವರ್ಷಕ್ಕೆ, ಮೊದಲೇ ಆಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಲೈನು ಮತ್ತೆ ಶುರುವಾದದ್ದು ಪರವಾನಗಿಯಿಂದಲ್ಲ. ಅದು ಬರಲೇ ಇಲ್ಲ. ವಿನ್ಯಾಸ ವಿಭಾಗದವರು ಡಿಸ್ಪ್ರೋಸಿಯಂ, ಟರ್ಬಿಯಂ ಎರಡೂ ಇಲ್ಲದ, 120 ಡಿಗ್ರಿ ತಾಳುವ ದರ್ಜೆಗೆ ಮೋಟಾರನ್ನು ಒಗ್ಗಿಸಲು ಹಗಲಿರುಳು ದುಡಿದರು. ಅದಕ್ಕೆ ಪರವಾನಗಿ ಬೇಕಿರಲಿಲ್ಲ, ಆದರೂ ಅಲ್ಲಿನ ಬಂದರಿನಲ್ಲಿ ಆ ಧಾತುಗಳು ಎಳ್ಳಷ್ಟೂ ಇಲ್ಲವೆಂದು ಲ್ಯಾಬಿನಲ್ಲಿ ಪರೀಕ್ಷಿಸಿ ಬಿಡಲು ಮೂರು ವಾರ ಹಿಡಿಯಿತು. ಮೋಟಾರಿನ ಕವಚಕ್ಕೆ ತಂಪಾಗಿಸುವ ರೆಕ್ಕೆಗಳನ್ನು ಸೇರಿಸಿದ್ದರಿಂದ ತೂಕ ಒಂದೂಕಾಲು ಕಿಲೋ ಹೆಚ್ಚಾಯಿತು. ಆಗಸ್ಟ್ 5ರಂದು ಮೊದಲ ಪೆಟ್ಟಿಗೆ ಒಡೆದೆವು. ಮುಂದಿನ ಸೋಮವಾರ, ಆಗಸ್ಟ್ 11ರಂದು, ಹಳದಿ ಮಾರ್ಗ ಜನರಿಗೆ ತೆರೆಯಿತು. ಮೂರೇ ರೈಲುಗಳು, 25 ನಿಮಿಷಕ್ಕೊಂದು. ಆದರೂ ನಿಂತುಕೊಂಡೇ ಸಂತೋಷದಿಂದ ಕೆಲಸಕ್ಕೆ ಬಂದೆ.

ಈಗ ನನ್ನ ದರ ತುಲನಾ ಪಟ್ಟಿಯಲ್ಲಿ ಹೊಸದೊಂದು ಅಂಕಣ ಸೇರಿಸಿದ್ದೇನೆ. ಮಾಲು ಬಾರದೆ ಹೋದರೆ ಲೈನು ಎಷ್ಟು ದಿನ ನಿಲ್ಲುತ್ತದೆ, ದಿನವೊಂದಕ್ಕೆ ಎಷ್ಟು ನಷ್ಟ ಎಂಬುದನ್ನು ದರದ ಪಕ್ಕದಲ್ಲೇ ಬರೆಯುತ್ತೇನೆ. 71 ದಿನಗಳ ಆ ಲೆಕ್ಕ ಹಾಕಿ ನೋಡಿದರೆ, 2012ರಲ್ಲಿ ದುಬಾರಿಯೆಂದು ಬಿಟ್ಟ ಮಾಲನ್ನು ಅಷ್ಟೂ ವರ್ಷ ಕಾಲು ಭಾಗದಷ್ಟು ಕೊಂಡಿದ್ದರೂ ನಾವು ಗೆಲ್ಲುತ್ತಿದ್ದೆವು. ಜಪಾನಿನ ಆ ಹಳೆಯ ವಿಳಾಸಕ್ಕೆ ಮತ್ತೆ ಪತ್ರ ಬರೆದಿದ್ದೇನೆ. ನಿಮ್ಮ ಮಾದರಿ ಲಾಟಿನ ಪರೀಕ್ಷಾ ವರದಿ ನಮ್ಮಲ್ಲಿ ಇನ್ನೂ ಇದೆ, ಆದರೆ ಹೊಸ ಗ್ರಾಹಕರಿಗೆ ಹತ್ತು ತಿಂಗಳ ಸರದಿಯಿದೆ ಎಂದು ಅವರು ಉತ್ತರಿಸಿದ್ದಾರೆ. ಸರದಿಯಲ್ಲಿ ನಮ್ಮ ಹೆಸರನ್ನು ಸೇರಿಸಿ ಎಂದು ಮುಂಗಡದ ಕಡತವನ್ನು ಮಾಲೀಕರ ಮೇಜಿಗೆ ಕಳುಹಿಸಿದ್ದೇನೆ.